ಮಾಳಿಹೊಳೆಗೆ ಸನ್ಮಾನ

ಹೊಳೆಗಳಿಗೂ ವರ್ಗಾವಣೆ ಕೇಳುವ ಹಕ್ಕು ಸಿಕ್ಕ ವರ್ಷ, ನಮ್ಮೂರಿನ ಮಾಳಿಹೊಳೆ ಪಕ್ಕದ ಬಿಲ್ಲಹಳ್ಳಿಗೆ ಅರ್ಜಿ ಹಾಕಿತು. ಕಾರಣ ಕೇಳಿದ ಜಾಗದಲ್ಲಿ ‘ಕಸ’ ಎಂದಷ್ಟೇ ಬರೆದಿತ್ತು. ಊರಿಗೆ ಕುಡಿಯಲು ಇದ್ದದ್ದು ಅದೊಂದೇ ನೀರು.

ನಿವೃತ್ತ ನರ್ಸ್ ಪುಟ್ಟಗೌರಮ್ಮ ನಮ್ಮನ್ನೆಲ್ಲ ಸೇರಿಸಿ ಹನ್ನೊಂದು ಭಾನುವಾರ ಮಂಡಿಯುದ್ದ ಕೆಸರಿನಲ್ಲಿ ನಿಲ್ಲಿಸಿದರು. ಹಾಸಿಗೆ, ಚಪ್ಪಲಿ, ಕೊನೆಗೆ ಒಂದು ಇಡೀ ಆಟೋ ಹೊರಬಂತು. ಅದರ ಮೀಟರ್ ಇನ್ನೂ ಓಡುತ್ತಿತ್ತು. ಹನ್ನೆರಡನೇ ಭಾನುವಾರ ಹೊಳೆ ಅರ್ಜಿ ವಾಪಸ್ ತೆಗೆದುಕೊಂಡಿತು.

‘ನಮ್ಮ ಹೊಳೆ ಉಳಿಸಿ’ ಸಂಘದ ಅಧ್ಯಕ್ಷ ನಾಗಭೂಷಣಯ್ಯನವರು ಆಗಲೇ ಮೈಕ್ ತರಿಸಿದರು.

“ಸನ್ಮಾನ ಮಾಡ್ದೆ ಬಿಟ್ರೆ ಊರಿನ ಮರ್ಯಾದೆ ಏನ್ರೀ?”

“ಅದಕ್ಕೆ ಏನೂ ಬೇಡ ಸ್ವಾಮಿ, ಸುಮ್ನೆ ಹರಿಯಕ್ಕೆ ಬಿಡಿ,” ಎಂದರು ಪುಟ್ಟಗೌರಮ್ಮ.

“ನೀವ್ ಸುಮ್ನಿರಿ ಗೌರಮ್ಮ, ನಿಮಗೂ ಒಂದು ಶಾಲು ಇದೆ.”

ಊರಿನ ನಲವತ್ತು ಸಂಘಗಳವರು ಸಾಲಾಗಿ ಬಂದು ಹಾರ, ಶಾಲು, ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ, ಗಾಜು ಹಾಕಿಸಿದ ಸನ್ಮಾನಪತ್ರ, ಎಲ್ಲವನ್ನೂ ನೀರಿಗೇ ಅರ್ಪಿಸಿದರು. ಹೊಳೆಗೆ ಕೊರಳು ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ವಂದನಾರ್ಪಣೆ ಮುಗಿಯುವ ಮೊದಲೇ ಮಾಳಿಹೊಳೆ ಎದ್ದು ಬಿಲ್ಲಹಳ್ಳಿಗೆ ಹೋಯಿತು. ಅಲ್ಲಿ ಒಂದು ಸಂಘವೂ ಇಲ್ಲ.

ಒಣಗಿದ ಪಾತ್ರದ ತುಂಬ ಹಾರಗಳು ಬಿದ್ದಿದ್ದವು. ಪುಟ್ಟಗೌರಮ್ಮ ಹೆಗಲ ಮೇಲಿನ ಶಾಲನ್ನು ಸೊಂಟಕ್ಕೆ ಬಿಗಿದು ಕೆಳಗಿಳಿದರು.

ಅಧ್ಯಕ್ಷರು ಇನ್ನೂ ಮೈಕ್ ಬಿಟ್ಟಿರಲಿಲ್ಲ. “ನೋಡಿ, ನೀರಿಲ್ದಿದ್ರೆ ಕ್ಲೀನ್ ಮಾಡೋದು ಎಷ್ಟು ಸಲೀಸು!”