ಮಂಜಿಗೆ ಹಳದಿ ಬಲ್ಬು

“ಆರು ಸಾವಿರದ್ದು ಒಂದು ಜೋಡಿ ಕೊಡ್ರಿ ಅಬ್ದುಲಸಾಬ. ಮೂರು ಸಾವಿರದಕ್ಕಿಂತ ಡಬಲ್ ಬೆಳಕು ಬೀಳಬೇಕು,” ಎಂದ ಕಲ್ಲೇಶ, ಸುಟ್ಟುಹೋದ ಹೆಡ್‌ಲೈಟ್ ಬಲ್ಬನ್ನು ಗಾಜಿನ ಕಪಾಟಿನ ಮೇಲಿಡುತ್ತ.

ಕುಷ್ಟಗಿಯ ಆ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಕೂತಿದ್ದ ಅಬ್ದುಲಸಾಬ ನಕ್ಕ. “ಎಲ್ಲಾರೂ ಇದ ತಪ್ಪು ಮಾಡ್ತೀರಿ ನೋಡಪಾ. ಡಬ್ಬಿ ಮ್ಯಾಲಿನ ನಂಬರು ಬೆಳಕಿನ ಅಳತಿ ಅಲ್ಲ, ಬಣ್ಣದ್ದು. ಮೂರು ಸಾವಿರ ಅಂದ್ರ ಅರಿಷಿಣ. ನಾಕು ಸಾವಿರದ ಮುನ್ನೂರು ಅಂದ್ರ ಹಾಲಿನ ಕೆನಿ. ಆರು ಸಾವಿರ ಅಂದ್ರ ಸುಣ್ಣ. ಎಂಟು ಸಾವಿರಕ್ಕ ಹೋದಿ ಅಂದ್ರ ಮದುವಿ ಮೆರವಣಿಗಿ ನೀಲಿ. ಪೊಲೀಸ್ರು ನಿಂದರಿಸಿ ನಮಸ್ಕಾರ ಮಾಡ್ತಾರ.”

“ಹಂಗಾರ ಸುಣ್ಣಾನ ಇರ್ಲಿ. ಎಲ್ಲಾರ ಗಾಡಿಗೂ ಅದ ಐತಿ.”

ಎಲ್ಲರ ಗಾಡಿಗೂ ಅದೇ ಇತ್ತು. ಪರೀಕ್ಷೆಯ ಅರ್ಜಿ ತುಂಬಲು ಗಂಡ ಕಲ್ಲೇಶನ ಜೊತೆ ಬಂದು, ಅಂಗಡಿಯ ಮೂಲೆಯಲ್ಲಿ ನಿಂತಿದ್ದ ಶಾಂಭವಿಯ ಸಂಕಟವೂ ಅದೇ. ಮದುವೆಯಾಗಿ ಎಂಟು ತಿಂಗಳು. ಬೆಳಿಗ್ಗೆ ಬಾಡಿಗೆಗೆಂದು ಕಾರು ಹೊರಡಿಸಿಕೊಂಡು ಹೋದವನು ತಮ್ಮೂರು ಬೇವೂರಿಗೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಅತ್ತೆ ಮಾವನ ಎದುರು ಫೋನು ಹಚ್ಚಿ “ಎಲ್ಲದೀರಿ” ಎಂದು ಕೇಳಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಒಣಗಿದ ಬಟ್ಟೆಯ ನೆಪ ಮಾಡಿ ಮಾಳಿಗೆ ಹತ್ತುವಳು. ಕಪ್ಪು ಹೊಲಗಳ ಆಚೆ, ಹಳ್ಳದ ಸೇತುವೆಯ ಮೇಲೆ ಗಾಡಿಗಳು ಒಂದೊಂದಾಗಿ ತಿರುಗುತ್ತಿದ್ದವು. ಬಿಳಿ, ಬಿಳಿ, ಮತ್ತೂ ಬಿಳಿ. ಅವುಗಳ ನಡುವೆ ಹಳೆಯ ಕಾರಿನ ಹಳದಿ ಜೋಡಿ ಕಂಡಿತೆಂದರೆ ಸಾಕು, ಕೆಳಗಿಳಿದು ಒಲೆಗೆ ಹಂಚು ಇಡುವಳು. ಅವನು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಮೊದಲ ರೊಟ್ಟಿ ಉಬ್ಬಿರುತ್ತಿತ್ತು. “ಇಕಿಗೇನು ಗಾಡಿ ವಾಸನಿ ಬರ್ತೈತೋ ಏನೋ!” ಎಂದು ಅತ್ತೆ ವಿರೂಪಾಕ್ಷಮ್ಮ ಚೇಷ್ಟೆ ಮಾಡಿದರೆ ತಲೆ ಇನ್ನಷ್ಟು ಹಿಟ್ಟಿನತ್ತ ಬಗ್ಗುವುದು. ಸೇತುವೆಯಿಂದ ಮನೆಯವರೆಗಿನ ಆ ಹತ್ತು ನಿಮಿಷ ಅವನು ಅವಳೊಬ್ಬಳಿಗೇ ಬರುತ್ತಿದ್ದ. ಹೊಸ್ತಿಲು ದಾಟಿದ ಮೇಲೆ ಮನೆಮಂದಿಗೆಲ್ಲ.

“ಹಳದೀನ ಇರ್ಲಿ ಬಿಡ್ರಿ,” ಎಂದಳು.

ಗಂಡಸರಿಬ್ಬರೂ ತಿರುಗಿ ನೋಡಿದರು.

“ಯಾಕ? ಯಾವ ಮುತ್ಯಾನ ಗಾಡಿ ಅಂತ ಮಂದಿ ನಗ್ತಾರ,” ಎಂದ ಕಲ್ಲೇಶ.

ನಿಜವಾದ ಕಾರಣ ಪರರ ಮುಂದೆ ಹೇಳುವ ಮಾತೇ? ಕಪಾಟಿನ ಮೇಲಿದ್ದ ಹಳದಿ ಬಲ್ಬಿನ ಡಬ್ಬಿಯನ್ನು ಎತ್ತಿಕೊಂಡು, ಅದರ ಮೇಲೆ ಬರೆದಿದ್ದನ್ನೇ ಓದಿ ಹೇಳಿದಳು. “ಮಂಜಿನ್ಯಾಗ ಇದು ಛಲೋ ಕಾಣತೈತಂತ.”

“ಬೇವೂರಾಗ ಮಂಜು! ನಮ್ಮ ಕಡೆ ಬೀಳೂದು ಧೂಳಷ್ಟ.”

“ನಗಬ್ಯಾಡ ಕಲ್ಲೇಶಾ, ಓದಿದ ಹುಡುಗಿ ಖರೇನ ಹೇಳ್ಯಾಳ,” ಎಂದ ಅಬ್ದುಲಸಾಬ. “ಬಿಳಿ ಬೆಳಕು ಮಂಜಿಗೆ ಬಡದು ನಮ್ಮ ಕಣ್ಣಿಗೇ ವಾಪಸ್ ಬರ್ತೈತಿ. ಘಟ್ಟ ಇಳಿಯೋ ಡ್ರೈವರ್‌ಗೋಳು ಹುಡುಕ್ಯಾಡಿ ಹಳದೀನ ಒಯ್ತಾರ.”

ಕಲ್ಲೇಶನ ನಗು ನಿಂತಿತು. ಅವಳ ಕೈಯಿಂದ ಡಬ್ಬಿ ಇಸಿದುಕೊಂಡು ಅತ್ತಿತ್ತ ತಿರುಗಿಸಿದ. “ಇದನ್ನ ಹಾಕ್ರಿ,” ಎಂದ. ಶಾಂಭವಿ ಉಸಿರು ಬಿಟ್ಟಳು. ಗೆದ್ದವಳಂತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅವನು ಮೆಟ್ಟಿಲಿಗೆ ಇಳಿದು ಫೋನು ಹಚ್ಚಿದ.

“ಪಂಪಾಪತಿಯಣ್ಣ, ಆ ಕಾರವಾರದ ಬಾಡಿಗಿ ಇನ್ನೂ ಐತೇನ್ರಿ? ಹೌದ್ರಿ, ಅವತ್ತ ಒಲ್ಲೆ ಅಂದಿದ್ದೆ, ಘಟ್ಟದ ಮಂಜಿಗೆ ಹೆದರಿ. ಈಗ ಅದಕ್ಕ ಬರೂವಂಥ ಬಲ್ಬ ಹಾಕಸಾಕತ್ತೀನಿ. ಹ್ಞೂಂರಿ, ದಸರಾ ತನಕ ಅಲ್ಲೇ ಇರ್ತೀನಿ. ಸೋಮವಾರ ಹೊಂಡ್ಲೇನು?”

ಮಳೆಗಾಲ ಶುರುವಾಗುವ ಮಿರಗದ ಮಳೆಗೆ ಇನ್ನೂ ಎಂಟು ದಿನವಿತ್ತು. ದಸರೆಗೆ ಎಷ್ಟು ತಿಂಗಳು ಎಂದು ಶಾಂಭವಿ ಬೆರಳು ಮಡಚಿದಳು. ನಾಲ್ಕನೆಯ ಬೆರಳಿಗೆ ಬಂದು ನಿಲ್ಲಿಸಿದಳು.

ಅವನು ಹಿಗ್ಗುತ್ತ ಒಳಗೆ ಬಂದ. “ಎರಡು ಸಲ ಕರದಿದ್ರು. ಮಳಿಗಾಲದಾಗ ಘಟ್ಟ ಅಂದ್ರ ನನಗ ಕೈಕಾಲು ನಡುಗತಾವ. ನೀ ಹೇಳಿದ್ದು ಭಾಳ ಛಲೋ ಆತು ನೋಡು.”

“ಬಿಳೀದೂ... ಬಿಳೀದೂ ಛಲೋನ ಇರ್ತೈತಲ್ರಿ.”

“ಈಗರ ಹಳದಿ ಅಂದಿ!”

“ಸೀರಿ ಅಂಗಡ್ಯಾಗೂ ಹಿಂಗ ತಮ್ಮಾ,” ಎಂದ ಅಬ್ದುಲಸಾಬ, ಅವರೊಂದಿಗೆ ಹೊರಗೆ ಬಂದು ಕಾರಿನ ಬಾನೆಟ್ಟಿನೊಳಗೆ ಕೈ ತೂರಿಸುತ್ತ. “ಮೊದಲು ಆರಿಸಿದ್ದ ಖಾಯಂ ಮಾಡಬೇಕು. ನಮ್ಮನ್ಯಾಗ ನಲವತ್ತು ವರ್ಷದಿಂದ ಇದ ಕಾನೂನು.”

“ಮಾಳಿಗಿ ಮ್ಯಾಲಿಂದ...” ಎಂದು ಶಾಂಭವಿ ಶುರು ಮಾಡಿದಳು.

“ಮಾಳಿಗಿ ಏನಾತು? ಸೋರತೈತೇನು?”

“ಏನಿಲ್ಲರಿ.”

ಎರಡೂ ಬಲ್ಬು ಕೂತವು. ಹೊತ್ತು ಮುಳುಗಿ ರಸ್ತೆ ಮಸುಕಾಗಿತ್ತು. ಕಲ್ಲೇಶ ಸ್ಟೇರಿಂಗ್ ಮುಂದೆ ಕೂತು ಸ್ವಿಚ್ ಹಾಕಿದ. ಡಾಂಬರಿನ ಮೇಲೆ ಅರಿಷಿಣದ ನೀರು ಚೆಲ್ಲಿದಂತಾಯಿತು.

“ಶಾಂಭವಿ, ಒಂಚೂರು ಮುಂದ ಹೋಗಿ ನಿಂದ್ರು. ಎಲ್ಲಿ ತನಕ ಕಾಣತೈತಿ ನೋಡೂಣು.”

ಅವಳು ಬೇವಿನ ಮರದ ತನಕ ಹೋಗಿ ತಿರುಗಿ ನಿಂತಳು.

“ಕಾಣತೈತೇನು?”

“ಕಾಣತೈತ್ರಿ.”

“ಇನ್ನೊಂದೀಟು ಹಿಂದ.”

ಟೈರಿನ ಅಂಗಡಿ ದಾಟಿದಳು. ಅಲ್ಲಿಂದ ಅವನ ಮುಖ ಕಾಣುತ್ತಿರಲಿಲ್ಲ, ಎರಡು ಹಳದಿ ಬೆಳಕಷ್ಟೇ. ಕಾಣುತ್ತದೆ ಎಂದು ಕೈ ಎತ್ತಿದಳು.

“ಇನ್ನೂ ದೂರ ಹೋಗು,” ಎಂದು ಬೆಳಕಿನ ಹಿಂದಿನಿಂದ ಅವನ ದನಿ ಬಂತು.