ಒಟ್ಟು ದೂರುಗಳು

ಊರಿನ ನಲ್ಲಿ ನೀರು ನೋಡಿಕೊಳ್ಳುವ ಕಂಪನಿಗೆ ಮಂದಾಕಿನಿ ಹೊಸದಾಗಿ ಸೇರಿದ್ದಳು. ಜನ ಕೊಟ್ಟ ದೂರುಗಳೆಲ್ಲ, ಪ್ರತಿ ಮಾಹಿತಿಗೂ ಹೆಸರಿನ ಚೀಟಿ ಹಚ್ಚಿಡುವ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ ತುಂಬಿದ್ದವು. ಆ ದಿನದ ವಾರ್ಷಿಕ ಸಭೆಗೆ ಪ್ರೋಗ್ರಾಮ್ ಬರೆದು ಅವನ್ನು ಓದುವಂಥ ಪುಟವಾಗಿ ಮಾರ್ಪಡಿಸುವುದು ಅವಳ ಮೊದಲ ಕೆಲಸ. ಎಷ್ಟು ತಿಣುಕಿದರೂ ಪರದೆಯ ಮೇಲೆ ಬರುತ್ತಿದ್ದದ್ದು ಒಂದೇ ಸಾಲು: ‘ಒಟ್ಟು ದೂರುಗಳು: ೦.’

ಬೆನ್ನ ಹಿಂದೆ ಬಂದು ನಿಂತ ಮ್ಯಾನೇಜರ್ ದೊಡ್ಡಮನಿಯವರು ಅದನ್ನು ಓದಿ ಸರಸರನೆ ಸಭೆಗೆ ನಡೆದರು. ಕೆಲಸ ಹೋಯಿತೆಂದೇ ಹೆದರಿದ ಮಂದಾಕಿನಿ, ತನಗೆ ಪ್ರೋಗ್ರಾಮಿಂಗ್ ಕಲಿಸಿದ್ದ ಮೇಷ್ಟ್ರಿಗೆ ಫೋನು ಹಚ್ಚಿದಳು.

“ಸರ್, ಫೈಲಿನ ತುಂಬ ‘ದೂರು’ ಅಂತಲೇ ಇದೆ. ನಾನೂ ‘ದೂರು’ ಅಂತಲೇ ಹುಡುಕ್ತಿದ್ದೀನಿ. ಒಂದೂ ಸಿಗ್ತಿಲ್ಲ!”

“ಮೇಲ್ಗಡೆ ನೇಮ್‌ಸ್ಪೇಸ್ ಇದೆಯೇನಮ್ಮ?”

“ಏನೋ ಉದ್ದದ ವಿಳಾಸ ಇದೆ. ನಮಗ್ಯಾಕೆ ಅಂತ ಬಿಟ್ಟೆ ಸರ್.”

“ಅದು ಆ ದೂರುಗಳ ಮನೆತನದ ಹೆಸರು ಕಣಮ್ಮ. ನಿನ್ನ ಪ್ರೋಗ್ರಾಮಿನಲ್ಲೂ ಅದನ್ನ ಬರೆದು, ಅದಕ್ಕೊಂದು ಅಡ್ಡಹೆಸರಿಡು. ಆ ಅಡ್ಡಹೆಸರು ಸೇರಿಸಿ ಕರೆದರೆ ಬರ್ತವೆ. ಬರೀ ‘ದೂರು’ ಅಂದ್ರೆ ಓಗೊಡೋದಿಲ್ಲ.”

ಹಾಗೇ ಮಾಡಿದಳು. ಕೆಸರು ನೀರು, ಒಡೆದ ಪೈಪು, ಹಬ್ಬದ ದಿನವೇ ಒಣಗಿದ ನಲ್ಲಿ... ಕಟ್ಟೆಯೊಡೆದಂತೆ ದೂರುಗಳು ಹರಿದುಬಂದವು. ಅಷ್ಟನ್ನೂ ಪ್ರಿಂಟು ತೆಗೆದು, ಎದೆಗವಚಿಕೊಂಡು ಸಭಾಂಗಣಕ್ಕೆ ಓಡಿದಳು.

ವೇದಿಕೆಯ ಮೇಲೆ ಕೊರಳ ತುಂಬ ಹಾರ ಹಾಕಿಕೊಂಡು ನಿಂತಿದ್ದ ದೊಡ್ಡಮನಿಯವರು, “ವರ್ಷವಿಡೀ ಒಂದೂ ದೂರಿಲ್ಲ ಅಂತ ಲೆಕ್ಕ ಹಾಕಿ ತೋರಿಸಿದವರು ಇವರೇ!” ಎಂದು ಮೈಕಿನಲ್ಲಿ ಕೂಗಿ, ತಮಗೆ ಹೊದಿಸಿದ್ದ ಶಾಲನ್ನು ತೆಗೆದು ಅವಳಿಗೆ ಹೊದಿಸಿದರು.