ಏಳನೆಯ ಬಾಗಿಲು

ಅಡುಗೆ ಮಾಡುವಾಗ ಆಡಿದ ಮಾತನ್ನು ಆ ಅಡುಗೆ ಮತ್ತೆ ಬಿಸಿಯಾಗುವಾಗ ತಾನೇ ಆಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಖಾನಾವಳಿಯ ಪಲ್ಯವನ್ನು ಮೈಕ್ರೋವೇವಿನಲ್ಲಿಟ್ಟರೆ ಅಡುಗೆಯವಳು ಗಂಡನನ್ನು ಬೈಯುವುದು ಕೇಳಿಸುತ್ತಿತ್ತು. ಆದರೆ ನೀಲಾಂಬಿಕಾಳ ಓವನ್ ಕೆಟ್ಟಿತ್ತು. ಏನೇ ಇಟ್ಟರೂ ಹೋದ ವರ್ಷ ತೀರಿಕೊಂಡ ಅಜ್ಜಿಯ ದನಿಯೇ ಬರುತ್ತಿತ್ತು: “ಏಳನೇ ಬಾಗಿಲು ತಗದ್ಳವ್ವಾ ರಾಜಕುಮಾರಿ, ಒಳಗ ನೋಡಿದ್ರ…” ಅಷ್ಟರಲ್ಲಿ ಚಟಪಟ ಕಿಡಿ ಹಾರಿ ಓವನ್ ನಿಂತುಬಿಡುತ್ತಿತ್ತು. ಅಜ್ಜಿ ಸಾರು ಕುದಿಸುತ್ತಾ ಹೇಳುತ್ತಿದ್ದ ಕಥೆ ಅದು. ಚಿಕ್ಕಂದಿನಲ್ಲಿ ನೀಲಾಂಬಿಕಾ ದಿನವೂ ಕಥೆ ಈ ಏಳನೆಯ ಬಾಗಿಲಿಗೆ ಬರುವಷ್ಟರಲ್ಲೇ ನಿದ್ದೆಹೋಗುತ್ತಿದ್ದಳು; ಮುಂದಿನದನ್ನು ಕೇಳಿರಲೇ ಇಲ್ಲ.

ರಿಪೇರಿಗೆ ಬಂದ ಮಾಬುಸಾಬ ಓವನಿನ ಒಳಗೋಡೆಯ ಮೈಕಾ ಹಾಳೆಯನ್ನು ಕಳಚಿ ತೋರಿಸಿದ. ಅದರ ಮೂಲೆಯಲ್ಲಿ ಸಾರಿನ ಕಲೆ ಸುಟ್ಟು ಕರಕಲಾಗಿತ್ತು.

“ಅಜ್ಜಿ ದನಿ ಇದಕ್ಕ ಹತ್ಕೊಂಡೈತ್ರೀ ಅಕ್ಕಾರ. ಹೊಸಾದು ಹಾಕಬೇಕು.”

“ಹಾಕಿದ್ರ ಕಥಿ ಮುಂದ ಹೋಗ್ತೈತೇನು?”

“ಎಲ್ಲೀದ್ರಿ? ದನೀನ ಹೋಗ್ತೈತಿ. ಹಿಂಗ ಬಿಟ್ರ ಮನೀಗೆ ಬೆಂಕಿ ಬೀಳ್ತೈತಿ. ಆಮ್ಯಾಲೆ ನಿಮ್ಮಜ್ಜಿ ಅದನ್ನೂ ಕಥಿ ಮಾಡಿ ಹೇಳ್ಯಾರು!”

ಅವಳು ನಗಲಿಲ್ಲ. ಹಾಳೆಯ ಮೇಲಿನ ಕಲೆಯನ್ನೊಮ್ಮೆ ಬೆರಳಿನಿಂದ ಸವರಿ “ಹಾಕ್ರಿ” ಎಂದಳು.

ಅವನು ಹೋದ ಮೇಲೆ ಅವಳು ತುಟಿ ಬಿಚ್ಚದೆ ಸಾರು ಮಾಡಿದಳು. ಅಜ್ಜಿಯಿಲ್ಲದ ಓವನಿಗೆ ತನ್ನ ಮಾತಾದರೂ ಯಾಕೆ ಬೇಕು? ಸಾರು ಆರಿದ ಮೇಲೆ ಒಳಗಿಟ್ಟು ಗುಂಡಿ ಒತ್ತಿದಳು. ತಟ್ಟೆ ತಿರುಗಿತು. ಕಿಡಿ ಹಾರಲಿಲ್ಲ. ಒಳಗಿನಿಂದ, ಅವಳು ಆಡಿಯೇ ಇರದ ಮಾತು ನೀಲಾಂಬಿಕಾಳದೇ ದನಿಯಲ್ಲಿ ಬಂತು:

“ಒಳಗ ನೋಡಿದ್ರ, ಒಲಿ ಮುಂದ ಒಬ್ಬಾಕಿ ಮುದುಕಿ ಕುಂತಿದ್ಳು. ‘ಬಂದ್ಯಾ ನನ್ನ ಕೂಸ? ಸಾರು ಆರಾಕತ್ತಿತ್ತು’ ಅಂದ್ಳು.”